ಹೆದರಬೇಡ ಅಂದ್ರೆ ಹೆದರಿಕೆ ಹೋಗುತ್ತಾ?

ಕಾರವಾರ, ಅಂಕೋಲಾ ಕಡೆ ಮನೆಯ ಹಿರಿಯರಿಗೆ ಆಪರೇಶನ್ ಅಂತ ಗೊತ್ತಾದ ಕೂಡಲೇ ಪಿಸುಮಾತು ಶುರು. ಮಕ್ಕಳು ಫೋನ್ ಹಿಡಿದು ಅಂಗಳಕ್ಕೆ ಹೋಗ್ತಾರೆ, ರಿಪೋರ್ಟು ಕಪಾಟು ಸೇರುತ್ತೆ. ಅಜ್ಜಿ ಕೇಳಿದರೆ, "ಎಂತದೂ ಇಲ್ಲ ಅಜ್ಜಿ, ಸಣ್ಣ ಆಪರೇಶನ್ನು, ಹೆದರ್ಬೇಡ." ಸಣ್ಣದಾಗಿದ್ರೆ ಬೆಂಗಳೂರಿನ ಮೊಮ್ಮಗ ರಜೆ ಹಾಕಿ ಯಾಕೆ ಬಂದ ಅನ್ನೋದು ಅಜ್ಜಿಗೆ ಅರ್ಥ ಆಗಲ್ವಾ?

ಹೆದರಿಕೆ ಆಗಬಾರದು ಅಂತ ಸತ್ಯ ಮುಚ್ಚಿಡೋದು ಪ್ರೀತಿಯಾ? ಮುಚ್ಚಿಡುವವರ ವಾದವನ್ನು ಸುಮ್ಮನೆ ತಳ್ಳಿಹಾಕೋಕಾಗಲ್ಲ. ಹೇಳಿದರೆ ಬಿಪಿ ಏರಬಹುದು. "ಬಂಡಿಹಬ್ಬ ಮುಗೀಲಿ, ಆಮೇಲೆ ನೋಡ್ವ" ಅಂತ ಅವರು ಆಪರೇಶನ್ನನ್ನೇ ಮುಂದೂಡಬಹುದು. ಆದರೆ ಹೇಳದೇ ಇದ್ದರೂ ಹೆದರಿಕೆ ಹೋಗಲ್ಲ. ಅದನ್ನು ಅವರೊಬ್ಬರೇ ಹೊರಬೇಕಾಗುತ್ತೆ, ಅಷ್ಟೇ.

ಮೇಲಾಗಿ, ನಮ್ಮ ಜಿಲ್ಲೆಯವರ ಹೆದರಿಕೆ ಬರೀ ಮನಸ್ಸಿನ ಭ್ರಮೆಯಲ್ಲ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದ್ದರೂ ದೊಡ್ಡ ಆಪರೇಶನ್ ಅಂದ್ರೆ ಗೋವಾ, ಹುಬ್ಬಳ್ಳಿ ಇಲ್ಲವೇ ಮಣಿಪಾಲದ ದಾರಿ ಹಿಡಿಯುವವರೇ ಹೆಚ್ಚು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿಗೆ ಬಡಿದು ನಾಲ್ವರು ತೀರಿಕೊಂಡರು. ಆಸ್ಪತ್ರೆ ಕೊಡದಿದ್ದರೆ ವೋಟಿಲ್ಲ ಅಂತ ಜನ ಕೂಗಿದ್ದು ಆಗಲೇ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಇನ್ನೊಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಯ್ತು. ಇದನ್ನೆಲ್ಲ ನೋಡಿದವರಿಗೆ ಹೆದರಬೇಡ ಅನ್ನೋದು, ಯೋಚನೆ ಮಾಡಬೇಡ ಅಂದ ಹಾಗೆ.

ನನಗೆ ಅನಿಸೋದು, ಈ ಹೆದರಿಕೆಯಲ್ಲಿ ಎರಡು ಬಗೆ ಇದೆ. ಒಂದಕ್ಕೆ ಉತ್ತರ ಸಿಗುತ್ತೆ. ಹಿಂದಿನ ರಾತ್ರಿಯಿಂದ ಊಟ ಯಾಕೆ ಕೊಡಲ್ಲ? ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಾರದು ಅಂತ. ಸಾಮಾನ್ಯವಾಗಿ ಗಟ್ಟಿ ಆಹಾರ ಬಿಟ್ಟು ಕನಿಷ್ಠ 6 ಗಂಟೆ, ಬರೀ ನೀರು ಬಿಟ್ಟು 2 ಗಂಟೆ ಆಗಿರಬೇಕು. ನಡುವೆ ಎಚ್ಚರ ಆದ್ರೆ? ಅದನ್ನು ನೋಡಿಕೊಳ್ಳೋಕೇ ಅರಿವಳಿಕೆ ವೈದ್ಯರು ಆಪರೇಶನ್ ಮುಗಿಯುವ ತನಕ ಪಕ್ಕದಲ್ಲಿರ್ತಾರೆ. ಇಂಥವನ್ನು ಕೇಳಿ ತಿಳಿದುಕೊಂಡಷ್ಟೂ ಮನಸ್ಸು ಹಗುರ.

ಇನ್ನೊಂದಕ್ಕೆ ಉತ್ತರವಿಲ್ಲ: ನಾನು ಏಳದೇ ಇದ್ರೆ? ಇಲ್ಲಿ ಬೇಕಾದದ್ದು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವವರು. ಬಂಗಾರ ಯಾರಿಗೆ, ಆಕಳನ್ನು ಯಾರು ನೋಡ್ಕೊಳ್ಬೇಕು ಅಂತ ಅಜ್ಜಿ ಹೇಳಹೊರಟರೆ "ಅಂಥ ಮಾತೆಲ್ಲ ಆಡ್ಬೇಡ" ಅಂತ ಬಾಯಿ ಮುಚ್ಚಿಸ್ತೇವೆ. ಆ ಮಾತು ಕೇಳೋ ಧೈರ್ಯ ಇಲ್ಲದಿರೋದು ನಮಗೆ.

ಕಾನೂನು ಕೂಡ ಇದನ್ನು ಯೋಚಿಸಿದೆ. ರೋಗಿ ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು: ಜೀವಕ್ಕೆ ತುರ್ತು ಅಪಾಯ ಇಲ್ಲದಾಗ, ಪ್ರಾಯಕ್ಕೆ ಬಂದ ರೋಗಿಯ ಬದಲು ಬೇರೆಯವರ ಒಪ್ಪಿಗೆ ನಡೆಯೋದಿಲ್ಲ. ಹೆತ್ತ ತಾಯಿಗೇ ಇಲ್ಲದ ಅಧಿಕಾರ ಮಕ್ಕಳು-ಮೊಮ್ಮಕ್ಕಳಿಗೆ ಎಲ್ಲಿಂದ ಬಂತು?

ಹಾಗಂತ ಎಲ್ಲವನ್ನೂ ಒಂದೇ ಸಲ ತಲೆ ಮೇಲೆ ಸುರಿಯಬೇಕಿಲ್ಲ. "ನಂಗೆ ಹೇಳ್ಬೇಡ ತಮ್ಮಾ, ನೀನೇ ನೋಡ್ಕೋ" ಅಂತ ಅಜ್ಜಿಯೇ ಅಂದರೆ ಅದೂ ಅವರ ತೀರ್ಮಾನವೇ. ಆದರೆ ಅದು ಅವರ ಬಾಯಿಂದ ಬರಬೇಕು. ಅದಕ್ಕೆ ಮೊದಲು ನಾವು ಕೇಳಬೇಕು: "ಅಜ್ಜಿ, ನಿಂಗೆ ಯಾವುದ್ರ ಹೆದರಿಕೆ?"