ಒದ್ದೆ ಇಳುವರಿ

ನಮ್ಮೂರಲ್ಲಿ ಇಳುವರಿ ಅಂದ್ರೆ ಎಕರೆಗೆ ಎಷ್ಟು ಟನ್ ಕಬ್ಬು ಅನ್ನೋದು. ಅದೇ ಪದ ಕೆಮಿಸ್ಟ್ರಿಯಲ್ಲೂ ಇದೆ ಅಂತ ಗೊತ್ತಾಗಿದ್ದು ಪಿಯುಸಿಗೆ ಬಂದ ಮೇಲೆ.

ಒಮ್ಮೆ ಲ್ಯಾಬಿನಲ್ಲಿ ಆಸ್ಪಿರಿನ್ ಮಾಡಿದ್ವಿ. 138 ಗ್ರಾಂ ಸ್ಯಾಲಿಸಿಲಿಕ್ ಆಮ್ಲ ಪೂರ್ತಿ ಬದಲಾದರೆ 180 ಗ್ರಾಂ ಆಸ್ಪಿರಿನ್ ಆಗಬೇಕು. ಅದರ ಜೊತೆಗಾರ ಅಸಿಟಿಕ್ ಅನ್‌ಹೈಡ್ರೈಡನ್ನು ಬೇಕಾದ್ದಕ್ಕಿಂತ ಜಾಸ್ತಿ ಹಾಕಿರ್ತೀವಿ. ಹಾಗಾಗಿ ಮೊದಲು ಮುಗಿಯೋದು ಸ್ಯಾಲಿಸಿಲಿಕ್ ಆಮ್ಲ, ಲೆಕ್ಕವೆಲ್ಲ ಅದರ ಮೇಲೆ. ನಾನು ಹಾಕಿದ್ದು 2.76 ಗ್ರಾಂ, ಬರಬೇಕಾದ್ದು 3.6 ಗ್ರಾಂ. ತಕ್ಕಡಿ ತೋರಿಸಿದ್ದು 3.9! ಶೇ. 108 ಅಂತ ಬರೆದು ಬೀಗುತ್ತಾ ಮೇಷ್ಟ್ರ ಹತ್ತಿರ ಹೋದೆ. "ಒಣಗಿಸಿ ತಗೊಂಡ್ ಬಾರಪ್ಪ" ಅಂದ್ರು. ಒಣಗಿದ ಮೇಲೆ ಸಿಕ್ಕಿದ್ದು 2.88 ಗ್ರಾಂ, ಅಂದರೆ ಶೇ. 80. ಹೋದದ್ದೆಲ್ಲ ನೀರು.

ನೂರಕ್ಕೆ ನೂರು ಬಂದಿದ್ರೂ ಕಥೆ ಮುಗಿಯಲ್ಲ. ಸಮೀಕರಣದ ಪ್ರಕಾರ 138 ಗ್ರಾಂ ಆಮ್ಲಕ್ಕೆ 102 ಗ್ರಾಂ ಅನ್‌ಹೈಡ್ರೈಡ್, ಒಟ್ಟು 240. ಅದರಲ್ಲಿ ಆಸ್ಪಿರಿನ್ 180, ಇನ್ನುಳಿದ 60 ಗ್ರಾಂ ಅಸಿಟಿಕ್ ಆಮ್ಲ. ಇಳುವರಿಯ ಸೂತ್ರದಲ್ಲಿ ಈ 60ಕ್ಕೆ ಜಾಗವೇ ಇಲ್ಲ. ಅಮೆರಿಕದ ರಸಾಯನಶಾಸ್ತ್ರಜ್ಞ ಬ್ಯಾರಿ ಟ್ರಾಸ್ಟ್ 1991ರಲ್ಲಿ 'ಆಟಂ ಎಕಾನಮಿ' ಅಂತ ಹೇಳಿ ಅದನ್ನೂ ಲೆಕ್ಕಕ್ಕೆ ತಂದರು. ಹಾಗೆ ನೋಡಿದರೆ ಆಸ್ಪಿರಿನ್ನಿಗೆ ಸಿಗೋದು ಶೇ. 75. ಒಂದೇ ಕ್ರಿಯೆಗೆ ಎರಡು ಅಂಕ, ಎರಡೂ ಸುಳ್ಳಲ್ಲ. ಛೇದದಲ್ಲಿ ಏನಿಟ್ಟಿರಿ ಅನ್ನೋದೇ ಪ್ರಶ್ನೆ.

ಅಪ್ಪನ ಆಲೆಮನೆಯಲ್ಲಿ ನೂರು ಕೆಜಿ ಕಬ್ಬಿಗೆ ಬೆಲ್ಲ ಬರೋದು ಹೆಚ್ಚುಕಮ್ಮಿ ಹತ್ತು ಕೆಜಿ. ನೀರು ಆವಿಯಾಗಿ ಹೋಗುತ್ತೆ, ಸಿಪ್ಪೆ ಒಣಗಿ ಅದೇ ಒಲೆಗೆ ಸೌದೆಯಾಗುತ್ತೆ. ಮಿಕ್ಕಿದ್ದು ಎಲ್ಲಿಗೆ ಹೋಯ್ತು ಅಂತ ಅಪ್ಪನಿಗೆ ಗೊತ್ತಿರುತ್ತೆ.

ನನಗೆ? ಎರಡು ವರ್ಷದ ಹಿಂದೆ ನಮ್ಮ ಟೀಮು ಒಂದು ಪ್ರಾಜೆಕ್ಟನ್ನು ಮೊದಲೇ ಮುಗಿಸಿತು. ಅಂದಾಜು ಮಾಡಿದ ಗಂಟೆಗಳನ್ನು ಶೀಟಿನಲ್ಲಿ ತುಂಬಿದ ಗಂಟೆಗಳಿಂದ ಭಾಗಿಸಿದರೆ ಎಫಿಶಿಯೆನ್ಸಿ ಶೇ. 112. ಆ ಶೀಟಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಜಾಸ್ತಿ ತುಂಬೋಕೆ ಆಗ್ತಿರಲಿಲ್ಲ. ನಾನೇ ಸ್ಲೈಡ್ ಮಾಡಿ ತೋರಿಸಿದೆ, ಚಪ್ಪಾಳೆ ಬಿತ್ತು. ಟೀಮಿನ ಒಬ್ಬ ಹುಡುಗನಿಗೆ ಆಗಷ್ಟೇ ಮಗು ಹುಟ್ಟಿತ್ತು. ಅವನು ರಾತ್ರಿ ಎರಡರವರೆಗೂ ಕೂತಿರೋದು ಚಾಟಿನ ಹಸಿರು ಚುಕ್ಕೆಯಲ್ಲಿ ನನಗೆ ಕಾಣಿಸ್ತಿತ್ತು. ಮೂರು ತಿಂಗಳಾದ ಮೇಲೆ ಕೆಲಸ ಬಿಟ್ಟ. ಕಾರಣ ಅನ್ನೋ ಜಾಗದಲ್ಲಿ 'ವೈಯಕ್ತಿಕ' ಅಂತಿತ್ತು. ನಾನು ಓಕೆ ಒತ್ತಿದೆ.

ನೂರರ ಮೇಲಿನ ಆ ಹನ್ನೆರಡು ಏನು ಅಂತ ನನಗೆ ಗೊತ್ತಿತ್ತು. ಪಿಯುಸಿಯಲ್ಲಿ ಒದ್ದೆ ಪುಡಿ ತೂಗಿದ್ದು ಗೊತ್ತಿಲ್ಲದೆ. ಇದು ಗೊತ್ತಿದ್ದೂ.

ಎಲ್ಲವನ್ನೂ ಲೆಕ್ಕಕ್ಕೆ ತಗೊಂಡ್ರೆ ಯಾವ ಕೆಲಸವೂ ಗಿಟ್ಟಲ್ಲ ಅಂತ ಗೆಳೆಯನೊಬ್ಬ ವಾದ ಮಾಡ್ತಾನೆ. ಇರಬಹುದು. ಶೇ. 75 ಅಂತ ಯಾರೂ ಆಸ್ಪಿರಿನ್ ಮಾಡೋದು ಬಿಟ್ಟಿಲ್ಲ. ಆದರೆ ಆ 60 ಗ್ರಾಂ ಇಲ್ಲವೇ ಇಲ್ಲ ಅಂತ ಹೇಳೋದು ಬೇರೆ ಮಾತು.

ಈಗ ನಮ್ಮ ಶೀಟಿಗೆ ನಿಜವಾದ ಗಂಟೆಗಳ ಕಾಲಂ ಒಂದನ್ನು ಸೇರಿಸಿದ್ದೀನಿ. ಹೋದ ಸಲ ಬಂದದ್ದು ಶೇ. 83. ಅದನ್ನು ಆ ಹುಡುಗನಿಗೆ ಹೇಳಬೇಕು ಅನ್ಕೊಂಡಿದ್ದೀನಿ, ಇನ್ನೂ ಫೋನ್ ಮಾಡಿಲ್ಲ.