ಕುದಿಸದ ರಸಕ್ಕೆ ಕಾವಲು ಯಾರು?

20 ಲೀಟರ್ ಬಿಯರ್ ಚೆನ್ನಾಗಿ ಹುದುಗಬೇಕಾದರೆ ಹೆಚ್ಚುಕಡಿಮೆ 18,000 ಕೋಟಿ ಯೀಸ್ಟ್ ಕೋಶಗಳು ಬೇಕು. ಅಂಗಡಿಯಲ್ಲಿ ಸಿಗುವ ದ್ರವ ಯೀಸ್ಟಿನ ಒಂದು ಪೊಟ್ಟಣದಲ್ಲಿ, ಅದು ಹೊಸದಾಗಿದ್ದರೆ, ಸುಮಾರು 10,000 ಕೋಟಿ ಇರುತ್ತವೆ. ಉಳಿದವನ್ನು ನಾವೇ ಬೆಳೆಸಿಕೊಳ್ಳಬೇಕು. ಅದಕ್ಕಾಗಿಯೇ ಸ್ಟಾರ್ಟರ್. ಒಂದು ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಪುಡಿ ಕಲಸಿ, ಹತ್ತು ಹದಿನೈದು ನಿಮಿಷ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ, ಆಗಾಗ ಅಲುಗಾಡಿಸುತ್ತ ಒಂದೆರಡು ದಿನ ಇಟ್ಟರೆ ಆಯಿತು. ಮನೆಯಲ್ಲಿ ಬಿಯರ್ ಮಾಡುವವರಿಗೆ ಇದು ಮೊದಮೊದಲಿನ ಪಾಠ. ಅದರಲ್ಲಿ ‘ಕುದಿಸಿ’ ಎಂಬ ಮಾತನ್ನು ಮಾತ್ರ ಯಾರೂ ನಿಂತು ನೋಡುವುದಿಲ್ಲ.

ಬಿಯರಿನ ರಸವನ್ನು, ಅಂದರೆ ವರ್ಟನ್ನು, ಕುದಿಸಲು ಕಾರಣಗಳು ಹಲವು. ಹಾಪ್ಸ್ ಹೂವಿನ ಕಹಿ ಅದಕ್ಕೆ ಇಳಿಯಬೇಕು, ಪ್ರೋಟೀನು ಗಟ್ಟಿಯಾಗಿ ತಳ ಸೇರಬೇಕು. ಸ್ಟಾರ್ಟರಿಗೆ ಕಹಿ ಬೇಡ, ತಿಳಿಯಾಗಿರಬೇಕೆಂದೂ ಇಲ್ಲ. ಅಲ್ಲಿ ಉಳಿಯುವುದು ಒಂದೇ ಕಾರಣ: ಕಣ್ಣಿಗೆ ಕಾಣದ ಬೇರೆ ಜೀವಿಗಳ ಭಯ. ನ್ಯಾಯವಾದ ಭಯವೇ. ಆದರೂ ಆ ಭಯದ ಹೆಸರೇ ಗೊತ್ತಿಲ್ಲದೆ ತಲೆಮಾರುಗಳ ಕಾಲ ಬಿಯರ್ ಮಾಡಿದ ಸೀಮೆಯೊಂದಿದೆ. ನನ್ನ ಮನಸ್ಸು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಅದು ಪಶ್ಚಿಮ ನಾರ್ವೆ. ಅಲ್ಲಿನ ಹೋರ್ನಿನ್‌ಡಾಲ್ ಕಡೆಯ ರೈತರು ವರ್ಟನ್ನು ಕುದಿಸುವುದೇ ಇಲ್ಲ. ಜುನಿಪರ್ ಕೊಂಬೆಗಳನ್ನು ಹಾಕಿ ಕಾಯಿಸಿದ ನೀರಿನಲ್ಲಿ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನೆನೆಸುತ್ತಾರೆ. ಸಿಹಿ ರಸವನ್ನು ಬಸಿಯುತ್ತಾರೆ. ಆಗತಾನೇ ಕರೆದ ಹಾಲಿನಷ್ಟು ಬೆಚ್ಚಗಾಗುವವರೆಗೆ ಆರಲು ಬಿಟ್ಟು ಯೀಸ್ಟ್ ಸುರಿಯುತ್ತಾರೆ. ಹಾಲಿಗೆ ಹೆಪ್ಪು ಹಾಕುವಾಗ ನಮ್ಮ ಮನೆಗಳಲ್ಲಿ ಬೆರಳು ಗುರುತಿಸುವ ಹದವೂ ಹೆಚ್ಚುಕಡಿಮೆ ಇದೇ. ಆ ಯೀಸ್ಟಿಗೆ ಅವರು ಕ್ವೈಕ್ ಎನ್ನುತ್ತಾರೆ. ಬೇರೆ ಏಲ್ ಯೀಸ್ಟುಗಳಿಗೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸು ಹಿತವಾದರೆ, ಕ್ವೈಕ್ 30ರಿಂದ 40 ಡಿಗ್ರಿಯಲ್ಲಿ ಹುರುಪಿನಿಂದ ಕೆಲಸ ಮಾಡುತ್ತದೆ.

ಮುಂದಿನ ಸಲಕ್ಕೆ ಅದನ್ನು ಉಳಿಸಿಕೊಳ್ಳುತ್ತಿದ್ದ ಬಗೆ ಇನ್ನೂ ಅಚ್ಚರಿಯದು. ಮರದ ಸಣ್ಣ ತುಂಡುಗಳನ್ನು ಒಂದಕ್ಕೊಂದು ಹೆಣೆದು ಬಳೆಯಂತೆ ಮಾಡಿ, ಯೀಸ್ಟಿನಲ್ಲಿ ಅದ್ದಿ, ಒಣಗಲು ನೇತುಹಾಕುತ್ತಿದ್ದರು. ತಿಂಗಳುಗಳು ಕಳೆದ ಮೇಲೆ ಆ ಒಣ ಮರವನ್ನು ಬೆಚ್ಚನೆಯ ಹೊಸ ರಸದಲ್ಲಿ ಇಳಿಬಿಟ್ಟರೆ ಸಾಕು, ನೊರೆ ಏಳುತ್ತಿತ್ತು. ನಾರ್ವೆಯ ಕೆಲವು ಕಡೆ ಯೀಸ್ಟ್ ಹಾಕುವ ಗಳಿಗೆಯಲ್ಲಿ ಪಾತ್ರೆಯತ್ತ ಬಾಗಿ ಜೋರಾಗಿ ಕೂಗು ಹಾಕುವ ಪದ್ಧತಿಯೂ ಇತ್ತು. ಇದನ್ನು ಮೂಢನಂಬಿಕೆ ಎಂದು ಸರಿಸಿಬಿಡಲು ನನಗೆ ಮನಸ್ಸಿಲ್ಲ. ಯೀಸ್ಟ್ ಒಂದು ಜೀವಿ ಎಂದು ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ನೋಡಿ ವಾದಿಸಿದ್ದು 1830ರ ದಶಕದಲ್ಲಿ. ಕೂಗಿ ಎಬ್ಬಿಸುವವರಿಗೆ ಎದುರಿಗಿರುವುದು ಜೀವ ಎಂಬುದರಲ್ಲಿ ಸಂದೇಹ ಇದ್ದಿರಲಾರದು.

2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಕ್ವೈಕ್ ತಳಿಗಳ ವಂಶವಾಹಿಯನ್ನು ಓದಿತು. ಪಳಗಿದ ಬಿಯರ್ ಯೀಸ್ಟುಗಳಲ್ಲೇ ಅವು ಪ್ರತ್ಯೇಕ ಗುಂಪು ಎಂದು ತಿಳಿಯಿತು. ಕಾಡು ಯೀಸ್ಟುಗಳು ಬಿಯರಿಗೆ ಲವಂಗದಂಥ, ಔಷಧಿಯಂಥ ವಾಸನೆ ಕೊಡುತ್ತವೆ; ಕ್ವೈಕ್‌ಗಳಲ್ಲಿ ಆ ವಾಸನೆ ಹುಟ್ಟಿಸುವ ಜೀನುಗಳು ಕೆಲಸ ನಿಲ್ಲಿಸಿಬಿಟ್ಟಿವೆ. ಯಾರು ನಿಲ್ಲಿಸಿದರು? ರುಚಿ ಕೆಟ್ಟ ಯೀಸ್ಟನ್ನು ಚೆಲ್ಲಿ ನೆರೆಮನೆಯಿಂದ ಒಳ್ಳೆಯದನ್ನು ಕೇಳಿ ತಂದುಕೊಂಡ ಜನ. ಅವರ ನಾಲಿಗೆಯ ತೀರ್ಪು ಇನ್ನೊಂದು ಜೀವಿಯ ವಂಶವಾಹಿಯಲ್ಲಿ ಬರೆದುಹೋಗಿದೆ. ಇಷ್ಟು ವರ್ಷ ಯೀಸ್ಟಿನ ಬಗ್ಗೆ ಓದಿದ್ದರಲ್ಲಿ ನನ್ನನ್ನು ಇಷ್ಟು ಬೆರಗುಗೊಳಿಸಿದ ಸಂಗತಿ ಇನ್ನೊಂದಿಲ್ಲ.

ಹಾಗಾದರೆ ಕುದಿಸದ ರಸವನ್ನು ಕಾದವರು ಯಾರು? ಅರ್ಧ ಕೆಲಸ ಬಿಸಿನೀರಿನದು. ಬಾರ್ಲಿ 65–68 ಡಿಗ್ರಿಯಲ್ಲಿ ಒಂದು ಗಂಟೆ ನೆನೆಯುವಷ್ಟರಲ್ಲಿ ಬಹುಪಾಲು ಬ್ಯಾಕ್ಟೀರಿಯಾ ಸತ್ತಿರುತ್ತವೆ. ಮಿಕ್ಕದ್ದನ್ನು ಯೀಸ್ಟೇ ನೋಡಿಕೊಳ್ಳುತ್ತದೆ. ರಸದಲ್ಲಿ ಕರಗಿರುವ ಆಮ್ಲಜನಕವನ್ನು ಮೊದಲು ಹೀರಿಕೊಂಡು ತನ್ನ ಕೋಶಪೊರೆಯನ್ನು ಗಟ್ಟಿ ಮಾಡಿಕೊಳ್ಳುತ್ತದೆ, ಮೊಗ್ಗೊಡೆದು ಹೆಚ್ಚುತ್ತದೆ. 5.3ರ ಸುಮಾರಿಗಿದ್ದ ಪಿಎಚ್ 4.5ಕ್ಕಿಂತ ಕೆಳಗಿಳಿಯುತ್ತದೆ. ಸಕ್ಕರೆ ಕರಗುತ್ತದೆ, ಆಲ್ಕೋಹಾಲ್ ಏರುತ್ತದೆ. ಬೇರೆಯವರು ಕಣ್ಣುಬಿಡುವ ಹೊತ್ತಿಗೆ ಅಲ್ಲಿ ಅವರಿಗೆ ಊಟವೂ ಇಲ್ಲ, ನೆಲೆಯೂ ಇಲ್ಲ.

ಮನೆಯ ಸ್ಟಾರ್ಟರಿಗೂ ಇಷ್ಟೇ ನಿಯಮ ಎಂಬುದು ನನ್ನ ನಂಬಿಕೆ. ಬಿಯರ್ ಮಾಡುವ ದಿನ, ಬಸಿದ ರಸದಲ್ಲಿ ಒಂದು ಲೀಟರನ್ನು ಶುದ್ಧವಾದ ಪಾತ್ರೆಗೆ ತೆಗೆದು, ಕುದಿಸದೆ ತಣಿಸಿ, ಚೆನ್ನಾಗಿ ಕುಲುಕಿ, ಯೀಸ್ಟನ್ನು ಅದಕ್ಕೆ ಕೂಡಲೇ ಧಾರಾಳವಾಗಿ ಬೆರೆಸಬಹುದು. ಮಿಕ್ಕ ರಸ ಕುದಿದು ಆರುವ ನಾಲ್ಕಾರು ಗಂಟೆಗಳಲ್ಲಿ ಯೀಸ್ಟಿನ ಸಂಖ್ಯೆ ಅಷ್ಟೇನೂ ಏರದು. ಆದರೆ ನಿದ್ದೆ ತಿಳಿದು ಕೆಲಸಕ್ಕೆ ಅಣಿಯಾಗಿರುತ್ತದೆ.

ಒಂದು ಮಾತನ್ನು ಮಾತ್ರ ದಯವಿಟ್ಟು ನೆನಪಿಡಿ. ಕಾವಲು ಇರುವುದು ಯೀಸ್ಟ್ ಬೆರೆತ ಮೇಲೆ. ಯೀಸ್ಟ್ ಹಾಕದ ರಸವನ್ನು ಮುಚ್ಚಿ ಹೊರಗಿಟ್ಟರೆ, ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಅದರಲ್ಲಿ ಮೊಳೆಯಬಲ್ಲವು. ಅವು ಬರಿಯ ಕುದಿತಕ್ಕೂ ಸಾಯುವುದಿಲ್ಲ, 121 ಡಿಗ್ರಿಯ ಒತ್ತಡದ ಹಬೆಯೇ ಬೇಕು. ಆದ್ದರಿಂದ ಹಸಿ ರಸವನ್ನು ನಾಳೆಗೆಂದು ಎತ್ತಿಡಬೇಡಿ, ಆ ದಿನವೇ ಯೀಸ್ಟಿನ ಕೈಗೆ ಒಪ್ಪಿಸಿ.