ಬಾಗಿಲ ಹಿಂದಣ ಕೋವಿ

ಹೋದ ಮಳೆಗಾಲದ ಕೊನೆಯಲ್ಲಿ ನನ್ನ ಮಿತ್ರರೊಬ್ಬರಿಂದ ಒಂದು ಕಾಗದ ಬಂದಿತು. ಅವರು ಮಲೆನಾಡಿನವರು, ಮೂವತ್ತು ವರ್ಷ ಉಪಾಧ್ಯಾಯರಾಗಿದ್ದು, ಈಗ ಹಿರಿಯರ ಅಡಕೆಯ ತೋಟದಲ್ಲಿ ನೆಲಸಿರುವವರು. ಅವರ ಮನೆಯಿಂದ ಮುಂದಿನ ಮನೆಗೆ ಹೋಗಬೇಕಾದರೆ ಗದ್ದೆಯ ಬಯಲನ್ನೂ ಒಂದು ಹಳ್ಳವನ್ನೂ ದಾಟಬೇಕು. ಹಳ್ಳದಾಚೆಯ ಆ ಮನೆಯಲ್ಲಿ ವೃದ್ಧ ದಂಪತಿಗಳಿಬ್ಬರೇ ಇದ್ದರು. ಒಂದು ರಾತ್ರಿ ನಾಲ್ವರು ಒಳಹೊಕ್ಕು, ಆ ಮುದುಕರನ್ನು ಕಂಬಕ್ಕೆ ಕಟ್ಟಿ, ಇದ್ದ ಚಿನ್ನವನ್ನೂ ಅಡಕೆ ಮಾರಿದ ಹಣವನ್ನೂ ಒಯ್ದರು. ಪ್ರಾಣಕ್ಕೇನೂ ಆಗಲಿಲ್ಲ. ಆದರೆ ಬೆಳಗ್ಗೆ ಹಾಲಿನ ಹುಡುಗನು ಬರುವವರೆಗೆ ಇಬ್ಬರೂ ಕಂಬದಲ್ಲಿಯೇ ಇದ್ದರು.

ಕಾಗದದ ಕೊನೆಯ ಭಾಗವನ್ನು, ಅವರ ಅನುಮತಿಯನ್ನು ಪಡೆದು, ಇಲ್ಲಿ ಬರೆಯುತ್ತೇನೆ. “ಕೋವಿಯೊಂದನ್ನು ತೆಗೆದುಕೊಳ್ಳಬೇಕೆಂದಿದ್ದೇನೆ. ಜೀವಮಾನದಲ್ಲಿ ಇದೇ ಮೊದಲನೆಯದು. ಒಂಟಿನಳಿಗೆಯದೋ, ಜೋಡುನಳಿಗೆಯದೋ, ಅಥವಾ ರಿವಾಲ್ವರೇ ಮೇಲೋ? ನಿಮ್ಮ ತಂದೆಯವರಲ್ಲಿ ಕೋವಿ ಇತ್ತು, ಬಲ್ಲವರು ಹೇಳಿ. ತೋಟಕ್ಕೆ ಈ ಸಲ ಕೊಳೆ ಹೆಚ್ಚು. ಮಗನು ಬೆಂಗಳೂರಿನ ಕೆಲಸವನ್ನು ಬಿಟ್ಟು ಬಂದಿದ್ದಾನೆ, ಹೆಚ್ಚಾಗಿ ಮಾತನಾಡುವುದಿಲ್ಲ. ಉಳಿದಂತೆ ಕ್ಷೇಮ.”

ಒಂದು ಕಾರ್ಡಿನಲ್ಲಿ ಮುಗಿಯಬಹುದಾಗಿದ್ದ ಉತ್ತರವನ್ನು ನಾನು ಮೂರು ಸಲ ಬರೆಯತೊಡಗಿ ಮೂರು ಸಲವೂ ಹರಿದುಹಾಕಿದೆನು. ಈ ಲೇಖನವು ಆ ಹರಿದ ಕಾಗದಗಳಿಂದ ಹುಟ್ಟಿದುದು.

ಮೊದಲು ಅವರು ಕೇಳಿದುದಕ್ಕೆ ಬರೋಣ. ನಮ್ಮ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ಚರೆ ತುಂಬಿ, ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯಬೇಕು. ಒಂದು ಈಡು ಹೋದರೆ ಮತ್ತೊಂದಕ್ಕೆ ಅಣಿಯಾಗುವಷ್ಟರಲ್ಲಿ ಬಂದವನು ಹಳ್ಳವನ್ನು ದಾಟಿರುತ್ತಾನೆ, ಅಥವಾ ನಮ್ಮ ಮೈಮೇಲಿರುತ್ತಾನೆ. ತೋಟಕ್ಕೆ ನುಗ್ಗುವ ಪ್ರಾಣಿಗಳನ್ನು ಬೆದರಿಸುವುದಕ್ಕೆ ಇಷ್ಟು ಸಾಕು. ಎರಡನೆಯದು ಹನ್ನೆರಡು ಬೋರಿನ ತೋಟಾ ಕೋವಿ. ಜೋಡುನಳಿಗೆಯದಾದರೆ ಎರಡು ಈಡು ಕೈಯಲ್ಲಿರುತ್ತವೆ. ಚರೆಯು ಹರಡುವುದರಿಂದ ಗುರಿ ತಪ್ಪಿದರೂ ತಗಲೀತೆಂದು ಜನ ನಂಬಿದ್ದಾರೆ. ಇದು ದೂರಕ್ಕೆ ನಿಜ. ಒಂದು ಕೋಣೆಯ ಅಳತೆಯೊಳಗೆ ಅದು ಹಿಡಿಯಗಲವೂ ಹರಡದು. ಅಲ್ಲದೆ ದಪ್ಪ ಚರೆಯಾದರೆ ಹಲಗೆಯ ಗೋಡೆಯನ್ನು ತೂರಿ ಆಚೆಯ ಕೋಣೆಯಲ್ಲಿ ಮಲಗಿರುವವರನ್ನೂ ಹುಡುಕಿಕೊಂಡು ಹೋದೀತು. ಮೂರನೆಯದು ರಿವಾಲ್ವರು. ಕಾನ್ಪುರದ ಸರಕಾರಿ ಕಾರ್ಖಾನೆಯವರು 2014ರಲ್ಲಿ ಹೆಂಗಸರ ಆತ್ಮರಕ್ಷಣೆಗೆಂದೇ ‘ನಿರ್ಭೀಕ್’ ಎಂಬ ಒಂದನ್ನು ಹೊರತಂದರು. ತೂಕ ಸುಮಾರು 500 ಗ್ರಾಂ. ಬೆಲೆ ಆಗಲೇ ಒಂದು ಲಕ್ಷ ರೂಪಾಯಿಗೆ ಮೇಲು. ಭಯವಿಲ್ಲದಿರುವಿಕೆಗೆ ಇಷ್ಟು ಬೆಲೆ ತೆರಬಲ್ಲ ಹೆಂಗಸರೆಷ್ಟು ಮಂದಿ ಎಂಬ ಪ್ರಶ್ನೆ ಇರಲಿ.

ಇಷ್ಟನ್ನು ಬರೆದಾಗ ನನಗೆ ಹೊಳೆದುದು ಇದು: ಆಯುಧವನ್ನು ಆರಿಸುವವನು ತನ್ನ ಶತ್ರುವನ್ನೂ ಆಗಲೇ ಆರಿಸಿಕೊಂಡಿರುತ್ತಾನೆ. ಕೇಪಿನ ಕೋವಿಯನ್ನು ಗೋಡೆಗೆ ತೂಗುಹಾಕಿದವನ ಮನಸ್ಸಿನಲ್ಲಿ ಹಂದಿಯೋ ಮಂಗವೋ ಇದ್ದೀತು. ರಿವಾಲ್ವರಿಗೆ ಬೇರೆ ಗುರಿಯೇ ಇಲ್ಲ. ಅದು ಮನುಷ್ಯನಿಗಾಗಿ ಮಾಡಿದುದು. ಅದನ್ನು ದಿಂಬಿನಡಿಯಲ್ಲಿಟ್ಟುಕೊಂಡು ಮಲಗುವವನು, ಇನ್ನೂ ಮುಖ ಕಾಣದ ಒಬ್ಬನನ್ನು ಕೊಲ್ಲಲು ಒಪ್ಪಿಕೊಂಡು ಪ್ರತಿ ರಾತ್ರಿಯೂ ನಿದ್ದೆಹೋಗುತ್ತಾನೆ. ಹೀಗೆ ಒಪ್ಪುವುದು ಯುಕ್ತವೇ?

ಯುಕ್ತವೆಂದು ಹೇಳಿದವರು ಅನೇಕರು. ಮನೆಗೆ ಬೆಂಕಿಯಿಡುವವನು, ವಿಷವಿಡುವವನು, ಶಸ್ತ್ರವೆತ್ತಿ ಬರುವವನು, ಧನವನ್ನು ಅಪಹರಿಸುವವನು ಮೊದಲಾದವರನ್ನು ನಮ್ಮ ಸ್ಮೃತಿಕಾರರು ಆತತಾಯಿಗಳೆಂದು ಕರೆದರು. ಮನುವು ಇನ್ನೂ ಮುಂದೆ ಹೋಗಿ, ಕೊಲ್ಲಬಂದ ಆತತಾಯಿಯು ಗುರುವಾದರೂ ವೃದ್ಧನಾದರೂ ವಿಚಾರಿಸದೆ ಕೊಲ್ಲಬಹುದು, ದೋಷವಿಲ್ಲ ಎಂದನು. ಆದರೆ ಗೀತೆಯ ಮೊದಲನೆಯ ಅಧ್ಯಾಯದಲ್ಲಿ ಅರ್ಜುನನು ಇದೇ ಶಬ್ದವನ್ನು ನುಡಿದು, ಎದುರಿಗೆ ನಿಂತವರು ಆತತಾಯಿಗಳೇ ಆದರೂ ಕೊಂದರೆ ನಮಗೆ ಪಾಪವೇ ಅಂಟುವುದೆಂದು ಹಿಂಜರಿಯುತ್ತಾನೆ. ಶಾಸ್ತ್ರವು ದೋಷವಿಲ್ಲವೆಂದು ಬರೆದುಕೊಟ್ಟ ಮೇಲೂ ಬಿಲ್ಲು ಹಿಡಿದವನ ಮನಸ್ಸು ಅದನ್ನು ಪೂರ್ತಿಯಾಗಿ ನಂಬಲಿಲ್ಲ.

ಹೊರಗಣ ದೇಶಗಳಲ್ಲಿ ಒಂದು ಸೂಕ್ಷ್ಮವಾದ ಭೇದವನ್ನು ಕಾಣುತ್ತೇವೆ. ಬೈಬಲ್ಲಿನ ವಿಮೋಚನಕಾಂಡದ ನಿಯಮದಂತೆ, ಕನ್ನ ಕೊರೆಯುವಾಗ ಸಿಕ್ಕ ಕಳ್ಳನು ಪೆಟ್ಟು ತಿಂದು ಸತ್ತರೆ ಹೊಡೆದವನಿಗೆ ರಕ್ತಾಪರಾಧವಿಲ್ಲ. ಸೂರ್ಯನು ಮೂಡಿದ್ದರೆ ಉಂಟು. ರೋಮನರ ಹನ್ನೆರಡು ಫಲಕಗಳ ಶಾಸನವೂ ರಾತ್ರಿಯ ಕಳ್ಳನನ್ನು ಹಗಲಿನ ಕಳ್ಳನಿಂದ ಬೇರೆಯಿಟ್ಟಿತು. ಈ ಭೇದವು ನಮ್ಮ 1860ರ ದಂಡಸಂಹಿತೆಗೂ ಬಂದಿತು. ಅದರ 103ನೆಯ ಪ್ರಕರಣವು, ಯಾವ ಯಾವ ಸಂದರ್ಭಗಳಲ್ಲಿ ಸ್ವತ್ತಿನ ರಕ್ಷಣೆಗಾಗಿ ಪ್ರಾಣವನ್ನು ತೆಗೆದರೂ ಕ್ಷಮ್ಯವೆಂದು ಎಣಿಸುವಾಗ, ರಾತ್ರಿಯಲ್ಲಿ ಕನ್ನ ಹಾಕುವುದನ್ನೂ ಎಣಿಸಿತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 41ನೆಯ ಪ್ರಕರಣವು ರಾತ್ರಿ ಎಂಬುದನ್ನು ಬಿಡಿಸಿ, ಸೂರ್ಯಾಸ್ತದ ತರುವಾಯ, ಸೂರ್ಯೋದಯಕ್ಕೆ ಮುಂಚೆ ಎಂದು ಹೇಳುತ್ತದೆ.

ಒಂದೇ ಚಿನ್ನ, ಒಬ್ಬನೇ ಕಳ್ಳ. ಹಗಲಿಗೊಂದು ನ್ಯಾಯ ರಾತ್ರಿಗೊಂದು ನ್ಯಾಯವೇಕೆ? ಕಾರಣವು ಸ್ಪಷ್ಟವಾಗಿದೆ. ಕತ್ತಲೆಯಲ್ಲಿ ಬಂದವನು ಯಾರು, ಎಷ್ಟು ಮಂದಿ, ಅವರಿಗೆ ಬೇಕಾದುದು ಚಿನ್ನವೋ ಪ್ರಾಣವೋ ಎಂಬುದನ್ನು ಮನೆಯವನು ಅರಿಯನು. ಕೂಗಿದರೆ ಬರುವವರಿಲ್ಲ. ಆದುದರಿಂದ ಕಾನೂನು ಅವನ ಅಜ್ಞಾನವನ್ನು ಮನ್ನಿಸುತ್ತದೆ. ಮನ್ನಿಸುತ್ತದೆ ಎಂದೆನು; ಮೆಚ್ಚುತ್ತದೆ ಎನ್ನಲಿಲ್ಲ. ಅದೇ ಸಂಹಿತೆಯ 37ನೆಯ ಪ್ರಕರಣವು, ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿ ಸಲ್ಲದೆಂದು ಕೈ ಹಿಡಿದು ನಿಲ್ಲಿಸುತ್ತದೆ. ನನ್ನ ವಾದವು ಇಲ್ಲಿಯೇ ಇದೆ. ಅಜ್ಞಾನಕ್ಕಾಗಿಯೇ ಈ ಕ್ಷಮೆಯಾದರೆ, ಆ ಅಜ್ಞಾನವನ್ನು ಕಳೆದುಕೊಳ್ಳುವ ಉಪಾಯವಿದ್ದೂ ಕಳೆದುಕೊಳ್ಳದವನಿಗೆ ಕ್ಷಮೆಯಲ್ಲಿ ಎಷ್ಟು ಪಾಲು? ಅಂಗಳದಲ್ಲಿ ದೀಪ, ಜಗಲಿಯಲ್ಲಿ ನಾಯಿ, ಬಾಗಿಲಿಗೆ ಭದ್ರವಾದ ಅಗಳಿ, “ಯಾರದು?” ಎಂಬ ಒಂದು ಕೂಗು, ಇವೆಲ್ಲವೂ ಕತ್ತಲೆಯನ್ನು ಪ್ರಶ್ನೆ ಕೇಳುತ್ತವೆ. ಕೋವಿಯು ಪ್ರಶ್ನೆಯನ್ನು ಕೇಳುವುದಿಲ್ಲ. ಅದು ಉತ್ತರವನ್ನು ಮಾತ್ರ ಬಲ್ಲುದು.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನನಗೆ ಹನ್ನೆರಡು ವರ್ಷವಾಗಿದ್ದಾಗ, ಆಷಾಢದ ಒಂದು ರಾತ್ರಿ, ನಮ್ಮ ಹಿತ್ತಲಲ್ಲಿ ಹೆಜ್ಜೆಯ ಸದ್ದಾಯಿತು. ಮಳೆಯ ಸದ್ದಿನಲ್ಲಿಯೂ ಅದು ಬೇರೆಯಾಗಿ ಕೇಳಿಸುವಂತಿತ್ತು. ತಂದೆಯವರು ಬಾಗಿಲ ಹಿಂದಿದ್ದ ಕೋವಿಯನ್ನು ತೆಗೆದುಕೊಂಡರು. ತೋಟಾ ಹಾಕಿದ ಸದ್ದೂ ನನಗೆ ನೆನಪಿದೆ. ಬಚ್ಚಲ ಕಿಟಕಿಯಿಂದ ನಳಿಗೆಯನ್ನು ಚಾಚಿದರು. ಬಾಳೆಯ ಗಿಡಗಳ ನಡುವೆ ಒಂದು ಆಕಾರವು ಬಗ್ಗಿಕೊಂಡು ಬರುತ್ತಿತ್ತು. ಅಷ್ಟರಲ್ಲಿ ನನ್ನ ತಾಯಿ, ಯಾರೂ ಹೇಳದೆ, ಲಾಟೀನನ್ನು ಹಿಡಿದು ಹಿಂದಿನ ಬಾಗಿಲನ್ನು ತೆರೆದು, “ಯಾರದು ಅಲ್ಲಿ?” ಎಂದರು. “ನಾನು ಅಮ್ಮಾ” ಎಂಬ ದನಿ ಬಂದಿತು. ನಮ್ಮ ತೋಟದ ಆಳಿನ ಮಗ. ನನಗಿಂತ ಎರಡು ವರ್ಷ ದೊಡ್ಡವನು. ಅವನ ತಾಯಿಗೆ ಹೆರಿಗೆಯ ಬೇನೆ. ಸೂಲಗಿತ್ತಿಯನ್ನು ಕರೆತರಲು ಲಾಟೀನು ಬೇಕಾಗಿತ್ತು. ಮುಂಬಾಗಿಲಿಗೆ ಬರುವ ಅಭ್ಯಾಸವು ಅವರಿಗಿರಲಿಲ್ಲ, ಇರಗೊಟ್ಟವರೂ ನಾವಲ್ಲ. ಅವನು ಹಿತ್ತಲಿಂದ ಬಂದುದು ಅದರಿಂದ. ತಾಯಿ ಕೈಯಲ್ಲಿದ್ದ ಲಾಟೀನನ್ನೇ ಕೊಟ್ಟು ಕಳುಹಿಸಿದರು.

ತಂದೆಯವರು ಆ ರಾತ್ರಿ ಮತ್ತೆ ಮಲಗಲಿಲ್ಲ. ಆ ವಿಷಯವನ್ನು ಅವರು ಎಂದೂ ಎತ್ತಲಿಲ್ಲ. ಕೋವಿಯನ್ನು ಮಾರಲೂ ಇಲ್ಲ. ಆದರೆ ಮರುದಿನದಿಂದ ತೋಟಾಗಳು ತಾಯಿಯ ಪೆಟ್ಟಿಗೆಯಲ್ಲಿ, ಸೀರೆಗಳ ಕೆಳಗೆ ಇರತೊಡಗಿದವು. ಬೀಗದ ಕೈ ಅವರ ಸೆರಗಿನಲ್ಲಿ. ಕೋವಿಗೂ ಈಡಿಗೂ ನಡುವೆ ಇನ್ನೊಬ್ಬರ ಒಪ್ಪಿಗೆ ಇರಬೇಕೆಂಬ ಈ ಏರ್ಪಾಡನ್ನು ನಾನು ಯಾವ ನೀತಿಗ್ರಂಥದಲ್ಲಿಯೂ ಓದಲಿಲ್ಲ.

ಹಾಗಾದರೆ ಕೋವಿಯೇ ಬೇಡವೆಂದು ಬರೆಯಬಹುದಾಗಿತ್ತಲ್ಲವೇ? ಗಾಂಧೀಜಿಯವರು 1909ರ ‘ಹಿಂದ್ ಸ್ವರಾಜ್’ನಲ್ಲಿ ಕಳ್ಳನ ದೃಷ್ಟಾಂತವನ್ನೇ ಎತ್ತಿಕೊಂಡರು. ಕಳ್ಳನ ಮೇಲೆ ನೆರೆಯವರನ್ನು ಕೂಡಿಸಿಕೊಂಡು ಹೊರಟರೆ ವೈರ ಬೆಳೆಯುವುದು. ಅದಕ್ಕೆ ಬದಲು ಕದಗಳನ್ನು ತೆರೆದಿಡು, ವಸ್ತುಗಳನ್ನು ಕೈಗೆ ಸಿಕ್ಕುವಂತಿಡು, ಒಂದು ದಿನ ಅವನೇ ನಾಚಿ ಬಂದಾನು ಎಂಬುದು ಆ ದೃಷ್ಟಾಂತದ ತಿರುಳು. ಇದನ್ನು ಓದಿದಾಗಲೆಲ್ಲ ನನ್ನ ತಲೆ ಬಾಗುತ್ತದೆ, ಮನಸ್ಸು ಒಪ್ಪುವುದಿಲ್ಲ. ನನ್ನ ಕದವನ್ನು ನಾನು ತೆರೆದಿಡಬಹುದು. ಆ ಕದದೊಳಗೆ ಮಲಗಿರುವ ಮಡದಿಯ ಪರವಾಗಿ, ಮುದಿ ತಾಯಿಯ ಪರವಾಗಿ ತೆರೆದಿಡಲು ನನಗೆ ಅಧಿಕಾರವೆಲ್ಲಿಯದು? ಕಂಬಕ್ಕೆ ಕಟ್ಟಿಸಿಕೊಂಡ ಆ ಮುದುಕಿಯ ಮುಂದೆ ನಿಂತು ಈ ಮಾತನ್ನು ಹೇಳುವ ಧೈರ್ಯ ನನಗಿಲ್ಲ. ಗಾಂಧೀಜಿಯವರೇ 1920ರಲ್ಲಿ, ಹೇಡಿತನ ಹಿಂಸೆ ಇವೆರಡೇ ಉಳಿದರೆ ಹಿಂಸೆಯನ್ನೇ ಸೂಚಿಸುವೆನೆಂದು ಬರೆದರು. ಒಂದು ಜನಾಂಗವನ್ನೇ ನಿರಾಯುಧವಾಗಿಸಿದ 1878ರ ಆಯುಧ ಕಾಯಿದೆಯನ್ನು ಆಂಗ್ಲರ ದುಷ್ಕೃತ್ಯಗಳಲ್ಲಿ ಅತ್ಯಂತ ಕರಾಳವೆಂದವರೂ ಅವರೇ. 1931ರ ಕರಾಚಿ ಕಾಂಗ್ರೆಸ್ಸು ಕಟ್ಟುಪಾಡುಗಳಿಗೊಳಪಟ್ಟ ಆಯುಧದ ಹಕ್ಕನ್ನು ಪ್ರಜೆಯ ಹಕ್ಕುಗಳಲ್ಲಿ ಸೇರಿಸಿತ್ತು. ಮುಂದೆ ರಾಜ್ಯಾಂಗಸಭೆಯಲ್ಲಿ, 1948ರ ಡಿಸೆಂಬರಿನಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಅದನ್ನು ಮತ್ತೆ ಎತ್ತಿದಾಗ ಅಂಬೇಡ್ಕರರು ಒಪ್ಪಲಿಲ್ಲ. ಹೀಗೆ ನಮ್ಮಲ್ಲಿ ಕೋವಿಯು ಹಕ್ಕಾಗದೆ ಪರವಾನಗಿಯಾಗಿಯೇ ಉಳಿಯಿತು; 1959ರ ಕಾಯಿದೆಯು ಅದನ್ನೇ ನಡೆಸಿಕೊಂಡು ಬಂದಿದೆ.

ಕೊಡಗಿನವರಿಗೆ ಮಾತ್ರ ಬೇರೆ ಕಥೆ. 1861ರಲ್ಲಿ ಮಾರ್ಕ್ ಕಬ್ಬನನು ಕೊಟ್ಟ ವಿನಾಯಿತಿಯು, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ, 2019ರ ಕೇಂದ್ರ ಸರಕಾರದ ಪ್ರಕಟಣೆಯಂತೆ 2029ರವರೆಗೆ ಸಲ್ಲುತ್ತದೆ. ಅಲ್ಲಿ ಗಂಡು ಕೂಸು ಹುಟ್ಟಿದರೆ ಒಂದು ಗುಂಡು, ಸತ್ತರೆ ಎರಡು. ಕೈಲ್ ಪೊಳ್ದ್ ಹಬ್ಬದಲ್ಲಿ ತೋಕಿಗೆ ಹೂ ಮುಡಿಸಿ ಪೂಜಿಸುತ್ತಾರೆ. ಇದರಿಂದ ಅಲ್ಲಿ ಕೇಡೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಐನ್‌ಮನೆಯ ಕೋವಿಯು ಒಬ್ಬನದಲ್ಲ, ಒಕ್ಕದ್ದು. ನಾಲ್ಕು ಜನರ ಕಣ್ಣು ಅದರ ಮೇಲೆ ಇರುತ್ತದೆ. ಒಂಟಿಮನೆಯ ಕೋವಿಯ ಮೇಲೆ ಇರುವುದು ಒಬ್ಬನ ಭಯವೊಂದೇ.

ಈಗ ನಾನು ಇಷ್ಟು ಹೊತ್ತು ಸುತ್ತಿ ಬಳಸಿ ತಪ್ಪಿಸಿಕೊಂಡ ಮಾತಿಗೆ ಬರಬೇಕು. ಅಮೆರಿಕದವರಿಗೆ ಈ ವಿಷಯದಲ್ಲಿ ನಮಗಿಂತ ಹೆಚ್ಚಿನ ಅನುಭವವುಂಟು. ಅಲ್ಲಿಯ ಪರಮೋಚ್ಚ ನ್ಯಾಯಾಲಯವು 2008ರಲ್ಲಿ, ಮನೆಯಲ್ಲಿ ಆತ್ಮರಕ್ಷಣೆಗಾಗಿ ಕೈಕೋವಿಯನ್ನಿಡುವುದು ಪ್ರಜೆಯ ಹಕ್ಕೆಂದು ಐವರು ಹೌದೆಂದು ನಾಲ್ವರು ಅಲ್ಲವೆಂದು ತೀರ್ಮಾನಿಸಿತು. ಆ ದೇಶದಲ್ಲಿ ಕೋವಿಯಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆತ್ಮಹತ್ಯೆ ಮಾಡಿಕೊಂಡವರು. 1993ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ವೈದ್ಯಕೀಯ ಸಂಶೋಧನೆಯು, ಕೋವಿಯಿರುವ ಮನೆಯಲ್ಲಿ ಕೊಲೆಯ ಸಂಭವವು ಸುಮಾರು 2.7 ಪಟ್ಟು ಹೆಚ್ಚೆಂದೂ, ಕೊಂದವರು ಬಹುಮಟ್ಟಿಗೆ ಮನೆಯವರೋ ಪರಿಚಿತರೋ ಎಂದೂ ಹೇಳಿತು. ಅಪಾಯದಲ್ಲಿರುವವರೇ ಕೋವಿಯನ್ನು ಕೊಳ್ಳುತ್ತಾರಾದ್ದರಿಂದ ಈ ಲೆಕ್ಕವು ಸರಿಯಲ್ಲವೆಂದು ವಾದಿಸಿದವರೂ ಉಂಟು. ಆ ವಾದದಲ್ಲಿಯೂ ಹುರುಳಿಲ್ಲದಿಲ್ಲ. ಆದರೆ ಮೊದಲನೆಯ ಮಾತಿಗೆ ಎದುರುತ್ತರವಿಲ್ಲ. ಮನುಷ್ಯನ ಹತಾಶೆಯು ಬಹಳ ಸಲ ಒಂದು ಗಳಿಗೆಯದು; ಅದು ಕಳೆದರೆ ಬದುಕುತ್ತಾನೆ. ಕೋವಿಯು ಆ ಗಳಿಗೆ ಕಳೆಯಲು ಬಿಡುವುದಿಲ್ಲ.

ನನ್ನ ಮಿತ್ರರ ಕಾಗದದಲ್ಲಿ ತೋಟದ ಕೊಳೆಗೂ ಕ್ಷೇಮಸಮಾಚಾರಕ್ಕೂ ನಡುವೆ ಸಿಕ್ಕಿಕೊಂಡಿದ್ದ ಒಂದು ವಾಕ್ಯವನ್ನು ವಾಚಕರು ಮರೆತಿರಲಾರರು. ಆ ವಾಕ್ಯಕ್ಕಾಗಿಯೇ ನಾನು ಮೂರು ಕಾಗದಗಳನ್ನು ಹರಿದೆನು. ಒಬ್ಬ ತಂದೆಗೆ ಇದನ್ನು ಬರೆಯುವುದು ಹೇಗೆ? ಪರವಾನಗಿಯ ಅರ್ಜಿಯು ಅರ್ಜಿದಾರನ ಚಿತ್ತಸ್ವಾಸ್ಥ್ಯವನ್ನು ವಿಚಾರಿಸುತ್ತದೆ. ಅವರ ಚಿತ್ತದಲ್ಲಿ ಯಾವ ದೋಷವೂ ಇಲ್ಲ. ನಾಲ್ಕನೆಯ ಸಲ ಬರೆದುದು ಇಷ್ಟೆ:

“ಕೋವಿಯು ಯಾವುದೆಂದು ಕೇಳಿದಿರಿ. ಜೋಡುನಳಿಗೆಯದೆಂದು ಹೇಳಬಲ್ಲೆ. ಆದರೆ ಅದಕ್ಕೆ ಮುಂಚೆ ಒಂದನ್ನು ಕೇಳುತ್ತೇನೆ. ಸ್ನೇಹಕ್ಕೆ ಮೀರಿದ ಮಾತಾದರೆ ಮನ್ನಿಸಿ. ಹೊರಗಿನಿಂದ ಬರುವವನು ಬಂದಾನೋ ಇಲ್ಲವೋ. ಒಳಗೆ ಇರುವವನು ಪ್ರತಿದಿನವೂ ಇದ್ದಾನೆ. ಅವನ ಮೌನವು ಏನೆಂದು ನಿಮಗೆ ತಿಳಿಯುವವರೆಗೆ ಮನೆಗೆ ಕೋವಿಯನ್ನು ತರಬೇಡಿ. ಅವನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಬನ್ನಿ. ಒಳ್ಳೆಯ ವೈದ್ಯರಿದ್ದಾರೆ, ನಾನೂ ಜತೆಗೆ ಬರುತ್ತೇನೆ. ಅಲ್ಲಿಯವರೆಗೆ ಅಂಗಳಕ್ಕೆ ದೀಪ ಹಾಕಿಸಿ, ಎರಡು ನಾಯಿ ಸಾಕಿ, ಹಣವನ್ನು ಬ್ಯಾಂಕಿನಲ್ಲಿಡಿ.”

ತಿಂಗಳವರೆಗೆ ಉತ್ತರವಿಲ್ಲದೆ, ಸ್ನೇಹವು ಹೋಯಿತೆಂದೇ ಭಾವಿಸಿದ್ದೆನು. ಅನಂತರ ಬಂದಿತು. “ನಿಮ್ಮ ಕಾಗದವನ್ನು ಅವನಿಗೇ ಓದಲು ಕೊಟ್ಟೆ. ಓದಿ, ಮಡಿಸಿ, ಹಿಂದಕ್ಕೆ ಕೊಟ್ಟನು, ಏನೂ ಹೇಳಲಿಲ್ಲ. ಆ ರಾತ್ರಿ ಮಾತ್ರ ನನ್ನ ಸಂಗಡ ಜಗಲಿಯಲ್ಲಿ ಹನ್ನೊಂದು ಗಂಟೆಯವರೆಗೆ ಕುಳಿತಿದ್ದನು. ಬರುವ ಸೋಮವಾರ ಶಿವಮೊಗ್ಗಕ್ಕೆ ಬರುತ್ತೇವೆ. ಅರ್ಜಿಯನ್ನು ಹರಿದಿಲ್ಲ, ಮೇಜಿನ ಖಾನೆಯಲ್ಲಿದೆ. ಹಳ್ಳದಾಚೆಯವರು ಮನೆಗೆ ಬೀಗ ಹಾಕಿ ಮಗಳ ಊರಿಗೆ ಹೋದರು. ಈಗ ಈ ಕಡೆಗೆ ನಮ್ಮದೇ ಕೊನೆಯ ಮನೆ.”